ತಾಂತ್ರಿಕ ಪದವಿಗೆ ಸಾಲ ಮಾಡುವ ಮುನ್ನ ಸಂಬಳದ ಲೆಕ್ಕ ಹಾಕುವುದು ಹೇಗೆ?

ಕೊನೆಬೆಂಚು:
ನಾಲ್ಕು ವರ್ಷದ ಇಂಜಿನಿಯರಿಂಗ್, ಫೀಸು ಪೂರ್ತಿ ಸಾಲದಲ್ಲೇ. ಲೆಕ್ಕಕ್ಕೆ ಸುಲಭವಾಗಲೆಂದು ಸಾಲವನ್ನು 100 ಎಂದಿಟ್ಟುಕೊಳ್ಳಿ. ಕಾಲೇಜಿನ ಕರಪತ್ರದ ಪ್ರಕಾರ ಸರಾಸರಿ ಪ್ಯಾಕೇಜ್ ವರ್ಷಕ್ಕೆ 80, ಪ್ಲೇಸ್‌ಮೆಂಟ್ ಶೇ 90. ಅಂದರೆ ಒಂದೂವರೆ, ಎರಡು ವರ್ಷದ ಸಂಬಳದಲ್ಲಿ ಸಾಲ ತೀರುತ್ತದೆ ಅನ್ನಬಹುದೇ? ಇನ್ನೊಂದು ದಾರಿಯೂ ಇದೆ: ಮುಗಿದಿರುವ ಸರ್ಟಿಫಿಕೇಟ್ ಕೋರ್ಸ್ ಮೇಲೆ ಈಗಲೇ ಟೆಕ್ನಿಷಿಯನ್ ಕೆಲಸಕ್ಕೆ ಸೇರುವುದು. ಎರಡನ್ನೂ ತೂಗುವುದು ಹೇಗೆ?

ಕಂತುಲೆಕ್ಕ:
ತೀರಿಸಬೇಕಾದದ್ದು 100 ಅಲ್ಲ, ಅಲ್ಲೇ ಲೆಕ್ಕ ತಪ್ಪುತ್ತಿರುವುದು. ವರ್ಷದ ಆರಂಭಕ್ಕೆ 25ರಂತೆ ನಾಲ್ಕು ಸಲ ಹಣ ಬಿಡುಗಡೆಯಾಗುತ್ತದೆ, ಬಡ್ಡಿ ಶೇ 10 ಅನ್ನೋಣ. ಮೊದಲ 25ಕ್ಕೆ ನಾಲ್ಕು ವರ್ಷದ ಬಡ್ಡಿ 10, ಎರಡನೆಯದಕ್ಕೆ 7.5, ಮೂರನೆಯದಕ್ಕೆ 5, ಕೊನೆಯದಕ್ಕೆ 2.5. ಓದು ಮುಗಿಯುವ ಹೊತ್ತಿಗೆ ಬಡ್ಡಿಯೇ 25. ಕಂತು ಶುರುವಾಗುವ ಮುಂಚೆ ಆರು ತಿಂಗಳ ಬಿಡುವು ಕೊಟ್ಟರೆ ಅದಕ್ಕೆ ಇನ್ನೂ 5. ಅಲ್ಲಿಗೆ 130 ಆಯಿತು. ಬಿಡುವು ಕಂತಿಗೆ ಮಾತ್ರ, ಬಡ್ಡಿಗಲ್ಲ. ಇದೂ ಸರಳ ಬಡ್ಡಿಯ ಲೆಕ್ಕ. ಓದುವಾಗಲೇ ಚಕ್ರಬಡ್ಡಿ ಹಾಕುವ ಸಾಲವಾದರೆ ಇನ್ನೂ ಏರುತ್ತದೆ.

ಈ 130 ಹೊಸ ಅಸಲಾಗಿ ಕೂರುತ್ತದೆ. 10 ವರ್ಷಕ್ಕೆ ಹಂಚಿದರೆ ತಿಂಗಳ ಕಂತು 1.72, 120 ಕಂತಿಗೆ ಒಟ್ಟು ಸುಮಾರು 206. ಕಂತು ಭಾರವಾಯಿತೆಂದು 15 ವರ್ಷಕ್ಕೆ ಎಳೆದರೆ 1.40ಕ್ಕೆ ಇಳಿಯುತ್ತದೆ, ಆದರೆ ಕೊನೆಗೆ ಕಟ್ಟಿರುವುದು 251.

ಮನೆಯವರಿಗೆ ಸಾಧ್ಯವಾದರೆ ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟಿಕೊಂಡು ಹೋಗಲಿ. ಮೊದಲ ವರ್ಷ ಅದು ತಿಂಗಳಿಗೆ ಬರೀ 0.21. ಹಾಗೆ ಮಾಡಿದರೆ ಅಸಲು 100ರಲ್ಲೇ ನಿಂತು ಕಂತು 1.32 ಆಗುತ್ತದೆ, ಮೊದಲೇ ಕಟ್ಟಿದ 30 ಸೇರಿಸಿದರೂ ಒಟ್ಟು 189ರ ಒಳಗೇ.

ಸ್ಪ್ಯಾನರ್:
ಇನ್ನು ಕರಪತ್ರಕ್ಕೆ ಬರೋಣ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 4, ಒಬ್ಬನಿಗೆ 44 ಸಿಕ್ಕರೆ ಸರಾಸರಿ 8. ಆ 8 ಯಾರ ಕೈಗೂ ಬಂದಿಲ್ಲ. ಕೇಳಬೇಕಾದದ್ದು ಮೀಡಿಯನ್, ಅಂದರೆ ಎಲ್ಲರ ಸಂಬಳವನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರೆ ನಟ್ಟನಡುವೆ ಸಿಗುವ ಸಂಬಳ. ಅದೂ ಸೇರಲಿರುವ ಬ್ರಾಂಚಿನದು, ಇಡೀ ಕಾಲೇಜಿನದಲ್ಲ. ಕೆಳಗಿನ ಕಾಲು ಭಾಗದವರಿಗೆ ಎಷ್ಟು ಸಿಕ್ಕಿದೆ ಅಂತಲೂ ಕೇಳಿ. ಸಾಲ ತೀರಿಸಲು ಒದ್ದಾಡುವವರು ಅವರೇ.

ಇನ್ನು ಆ ಶೇ 90 ಎಷ್ಟು ಮಂದಿಯಲ್ಲಿ? ಉದಾಹರಣೆಗೆ, ಬ್ಯಾಚಿನಲ್ಲಿ 120 ಮಂದಿ, ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರು 80, ಕೆಲಸ ಸಿಕ್ಕಿದ್ದು 72 ಮಂದಿಗೆ. ಕರಪತ್ರದಲ್ಲಿ ಶೇ 90, ಬ್ಯಾಚಿನ ಲೆಕ್ಕದಲ್ಲಿ ಶೇ 60. ಹೆಸರು ಕೊಡದ 40 ಮಂದಿಯಲ್ಲಿ ಮೇಲಿನ ಓದಿಗೆ ಹೋದವರೂ ಇರುತ್ತಾರೆ, ನಿಜ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರುವುದರಿಂದ ಹೆಸರು ಕೊಡಲು ಬಿಡದವರೂ ಇರುತ್ತಾರೆ. ಒಬ್ಬನಿಗೆ ಎರಡು ಆಫರ್ ಬಂದರೆ ಎರಡು ಅಂತ ಎಣಿಸುವ ಕಡೆಯೂ ಉಂಟು. ‘ಎಷ್ಟು ಆಫರ್’ ಬೇಡ, ‘ಎಷ್ಟು ಮಂದಿ ಕೆಲಸಕ್ಕೆ ಸೇರಿದರು’ ಅಂತ ಕೇಳಿ.

ಪ್ಯಾಕೇಜ್ 80 ಅಂದರೂ ಕೈಗೆ ಬರುವುದು 80 ಅಲ್ಲ. ಕಂಪನಿ ಕಟ್ಟುವ ಭವಿಷ್ಯನಿಧಿ, ವಿಮೆ, ಸಿಕ್ಕರೆ ಸಿಕ್ಕೀತು ಅನ್ನುವ ವೇರಿಯಬಲ್ ಪೇ, ಒಂದೇ ಸಲ ಕೊಡುವ ಜಾಯ್ನಿಂಗ್ ಬೋನಸ್ ಎಲ್ಲ ಅದರೊಳಗೇ ಇರುತ್ತವೆ. ಆಮೇಲೆ ತೆರಿಗೆ. ಸದ್ಯಕ್ಕೆ 60 ಅಂತ ಹಿಡಿಯಿರಿ.

ಕೊನೆಬೆಂಚು:
ಸರಿ, ಹಾಗಾದರೆ ತಿಂಗಳಿಗೆ 5. ಟೆಕ್ನಿಷಿಯನ್ ಕೆಲಸದಲ್ಲಿ 3. ಆಗಲೂ ಪದವಿಯೇ ಮೇಲಲ್ಲವೇ?

ಕಂತುಲೆಕ್ಕ:
5ರಲ್ಲಿ ಕಂತು 1.72 ಕಳೆಯಿರಿ. ಉಳಿದದ್ದು 3.28. ಸಂಬಳ ಏರದಿದ್ದರೆ ಹತ್ತು ವರ್ಷ ವ್ಯತ್ಯಾಸ ತಿಂಗಳಿಗೆ 0.28 ಅಷ್ಟೇ. ಜೊತೆಗೆ ಓದಿನ ನಾಲ್ಕು ವರ್ಷ ಬಿಟ್ಟುಕೊಟ್ಟ ಸಂಬಳ 144. ಅದಕ್ಕೆ 206 ಸೇರಿಸಿದರೆ 350; ವರ್ಷಕ್ಕೆ 24ರಂತೆ ಹೆಚ್ಚು ದುಡಿದು ಇದನ್ನು ತುಂಬಲು ಹದಿನಾಲ್ಕೂವರೆ ವರ್ಷ ಬೇಕು.

ಸ್ಪ್ಯಾನರ್:
ಸಂಬಳ ನಿಂತಲ್ಲೇ ನಿಲ್ಲುತ್ತದೆ ಅನ್ನುವುದು ಪದವಿಗೆ ಮಾಡುವ ಅನ್ಯಾಯ. ಪದವೀಧರನಿಗೆ ವರ್ಷಕ್ಕೆ ಶೇ 8, ಟೆಕ್ನಿಷಿಯನ್‌ಗೆ ಶೇ 4 ಏರಿಕೆ ಇಟ್ಟು ನೋಡಿ. ಓದು ಮುಗಿದ ಮೊದಲ ವರ್ಷ ವ್ಯತ್ಯಾಸ 18 ಮಾತ್ರ, ಏಕೆಂದರೆ ಟೆಕ್ನಿಷಿಯನ್ ಅಷ್ಟರಲ್ಲಿ ವರ್ಷಕ್ಕೆ 36ರಿಂದ 42ಕ್ಕೆ ತಲುಪಿರುತ್ತಾನೆ. ಹತ್ತನೇ ವರ್ಷ ಅದೇ ವ್ಯತ್ಯಾಸ 60. ಎಲ್ಲ ಕೂಡಿದರೆ ಹತ್ತನೇ ವರ್ಷದ ಕೊನೆಗೆ ಲೆಕ್ಕ ಸಮವಾಗುತ್ತದೆ. ಆಮೇಲಿನದೆಲ್ಲ ಲಾಭ. ಹಾಗಾಗಿ ಆರಂಭದ ಸಂಬಳಕ್ಕಿಂತ ಐದು ವರ್ಷ ಹಿಂದೆ ಪಾಸಾದವರು ಈಗ ಎಲ್ಲಿದ್ದಾರೆ ಎನ್ನುವುದನ್ನು ವಿಚಾರಿಸುವುದು ಹೆಚ್ಚು ಉಪಯುಕ್ತ. ಆ ಶೇ 8 ಬರುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುವುದು.

ಕಂತುಲೆಕ್ಕ:
ಒಪ್ಪಿದೆ. ಆದರೆ ಹತ್ತನೇ ವರ್ಷದ ಸಂಬಳ ಮೊದಲ ವರ್ಷದ ಕಂತು ಕಟ್ಟುವುದಿಲ್ಲವಲ್ಲ. ಕಂತು ಕೈಗೆ ಬರುವ ಸಂಬಳದ ಐದನೇ ಒಂದು ಪಾಲು ದಾಟದಿರಲಿ. 1.72ಕ್ಕೆ ಐದು ಪಟ್ಟು 8.6, ವರ್ಷಕ್ಕೆ 103. ಮೊದಲ ವರ್ಷದ ಸಂಬಳಕ್ಕಿಂತ ಹೆಚ್ಚು ಸಾಲ ಮಾಡಬೇಡ ಅನ್ನುವ ಮಾತಿನ ಹಿಂದಿರುವುದೂ ಹೆಚ್ಚುಕಡಿಮೆ ಇದೇ ಲೆಕ್ಕ. ನಿಮ್ಮ 60ರ ಸಂಬಳ ತಾಳಿಕೊಳ್ಳುವ ಸಾಲ 58. ಉಳಿದ 42ಕ್ಕೆ ವಿದ್ಯಾರ್ಥಿವೇತನವೋ ಕಡಿಮೆ ಫೀಸಿನ ಕಾಲೇಜೋ ಹುಡುಕಬೇಕು.

ಮಾರ್ಜಿನ್:
ಕೆಡುವ ಜಾಗಗಳನ್ನೂ ನೋಡಿಟ್ಟುಕೊಳ್ಳಿ. ಫ್ಲೋಟಿಂಗ್ ರೇಟ್, ಅಂದರೆ ಸಾಲದ ನಡುವೆ ಏರಿಳಿಯುವ ಬಡ್ಡಿದರ ಆಗಿದ್ದು, ಕಂತು ಶುರುವಾಗುವಾಗಲೇ ಬಡ್ಡಿ ಶೇ 12ಕ್ಕೆ ಏರಿತು ಅನ್ನಿ. ಬ್ಯಾಂಕು ಕಂತನ್ನು 1.72ರಲ್ಲೇ ಇಟ್ಟು ಅವಧಿಯನ್ನು ಉದ್ದ ಮಾಡಿದರೆ 120 ಕಂತು 142 ಆಗುತ್ತದೆ. ತಿಂಗಳ ಕಡಿತ ಬದಲಾಗದ ಕಾರಣ ಬಹಳ ಜನ ಗಮನಿಸುವುದೇ ಇಲ್ಲ.

ಎರಡು ವರ್ಷಕ್ಕೇ ಓದು ಬಿಟ್ಟರೆ ಸಾಲ ಅರ್ಧ, ಬಡ್ಡಿ ಸೇರಿ 57.5, ಪದವಿ ಮಾತ್ರ ಸೊನ್ನೆ. ಹಾಗಾಗಿ ಸೇರಿದ ನೂರರಲ್ಲಿ ಎಷ್ಟು ಮಂದಿ ನಾಲ್ಕೇ ವರ್ಷಕ್ಕೆ ಮುಗಿಸುತ್ತಾರೆ ಎನ್ನುವುದನ್ನೂ ಕಾಲೇಜಿನವರಿಂದ ಕೇಳಿ. ಒಂದು ವರ್ಷ ಹೆಚ್ಚಾದರೆ 100ರ ಮೇಲೆ ಬಡ್ಡಿ 10, ಆ ವರ್ಷದ ಖರ್ಚು, ಮೇಲೆ ಒಂದು ವರ್ಷದ ಸಂಬಳವೂ ಹೋಯಿತು.

ಅವಧಿಗೆ ಮೊದಲೇ ಕಟ್ಟಿದರೆ ದಂಡ ಇದೆಯೇ ಅಂತ ಮಂಜೂರಾತಿ ಪತ್ರದಲ್ಲಿ ನೋಡಿ, ಸಹಿ ಆಮೇಲೆ. ದಂಡವಿಲ್ಲದಿದ್ದರೆ 10 ವರ್ಷದ ಅವಧಿಯನ್ನೇ ಇಟ್ಟುಕೊಂಡು, ಆಗುವಷ್ಟು ದಿನ 2.16 ಕಟ್ಟಿ. ಮೊದಲ ತಿಂಗಳಿಂದಲೇ ಹಾಗೆ ಕಟ್ಟಿದರೆ 7 ವರ್ಷಕ್ಕೆ ಮುಗಿಯುತ್ತದೆ, ಒಟ್ಟು 181. ಕೆಲಸ ಹೋದ ತಿಂಗಳು 1.72ಕ್ಕೆ ಇಳಿಸಿಕೊಳ್ಳಬಹುದು. ಹೆಚ್ಚು ಕಟ್ಟಿದ್ದು ಅಸಲಿಗೇ ಹೋಗಲಿ ಎಂದು ಬರೆದು ಕೊಡಿ, ಇಲ್ಲವಾದರೆ ಮುಂದಿನ ಕಂತಿನ ಮುಂಗಡ ಅಂತ ಜಮಾ ಆಗಿಬಿಡುವ ಸಾಧ್ಯತೆ ಇದೆ.