ಬಿಳಿ ಅಂಚಿನ ಸಣ್ಣ ಹೋಸ್ಟಾ: ವರ್ಷದಿಂದ ವರ್ಷಕ್ಕ ಎಲಿ ಸಣ್ಣ ಆಗಾಕತ್ತಾವ, ಯಾಕ್ರಿ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ):
ಮಾವಿನ ಗಿಡದ ನೆರಳಿಗೆ 6 ಇಂಚಿನ ಕುಂಡದಾಗ ಹೋಸ್ಟಾ (ಎಲಿ ಚಂದಕ್ಕ ಬೆಳಸೋ ನೆರಳಿನ ಗಿಡ) ಐತ್ರಿ, ತಳಿ ಗಿನ್ಕೊ ಕ್ರೇಗ್, ಮೂರನೇ ವರ್ಷ. ಅಂಗೈ ಉದ್ದ ಇದ್ದ ಎಲಿ ಈಗ ಎರಡು ಬೆರಳಿನಷ್ಟ ಬರತಾವ. ಗೊಬ್ಬರ, ನೀರು ಎಂದೂ ತಪ್ಪಿಸಿಲ್ಲ. ಬ್ಯಾಸಗಿಯಾಗ ಬಿಳಿ ಅಂಚು ಸುಟ್ಟ ಕಾಗದದಂಗ ಕಂದು ಆಗತೈತಿ. ಏನ್ ಮಾಡಬೇಕ್ರಿ?

ಉತ್ತರ 1 (ಬೆಳಗಾವಿ):
ಕೊರತೆ ಗೊಬ್ಬರದ್ದಲ್ಲ, ಚಳಿಯದು. ಹೋಸ್ಟಾ ಜಪಾನ್, ಕೊರಿಯಾ, ಚೀನಾ ಕಡೆಯ ಗಿಡ. ವರ್ಷಕ್ಕೊಮ್ಮೆ 5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಸುಮಾರು ಆರು ವಾರ ಮಲಗಲೇಬೇಕು. ನಮ್ಮ ಜನವರಿ ರಾತ್ರಿ ಸಾಮಾನ್ಯವಾಗಿ 13–14 ಡಿಗ್ರಿಗೇ ನಿಲ್ಲುತ್ತದೆ. ನಿದ್ದೆ ಸಿಗದ ಗಡ್ಡೆ ಕೂಡಿಟ್ಟದ್ದನ್ನೇ ಕರಗಿಸಿ ಎಲೆ ಬಿಡುತ್ತಾ ಸೊರಗುತ್ತದೆ.

ದಾರಿ ಒಂದೇ, ಫ್ರಿಜ್. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ. ಎಲೆ ಹಳದಿಯಾದ ಮೇಲೆ ಬುಡಕ್ಕೆ ಕತ್ತರಿಸಿ, ಗಡ್ಡೆ ಎತ್ತಿ ತೊಳೆದು ಒಂದು ದಿನ ನೆರಳಲ್ಲಿ ಆರಿಸಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಿಂಡಿದರೆ ಹನಿ ಬೀಳಬಾರದು, ಅಷ್ಟೇ ಹಸಿ ಇರಲಿ. ಅದರಲ್ಲಿ ಸುತ್ತಿ, ನಾಲ್ಕೈದು ತೂತಿನ ಪ್ಲಾಸ್ಟಿಕ್ ಚೀಲದಲ್ಲಿ ತರಕಾರಿ ಡಬ್ಬಿಯೊಳಗೆ 6–8 ವಾರ ಇಡಿ. ಫ್ರೀಜರ್ ಖಂಡಿತ ಬೇಡ. ಪಕ್ಕದಲ್ಲಿ ಸೇಬು, ಬಾಳೆಹಣ್ಣೂ ಬೇಡ, ಅವು ಬಿಡುವ ಎಥಿಲೀನ್ ಅನಿಲ ಮೊಗ್ಗು ಕೆಡಿಸುತ್ತದೆ. 15 ದಿನಕ್ಕೊಮ್ಮೆ ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಾಗಿ ವಾಸನೆ ಬಂದ ತುಂಡನ್ನು ಗಟ್ಟಿ ಬಿಳಿ ಭಾಗ ಕಾಣುವವರೆಗೂ ಕೊಯ್ದು ತೆಗೆಯಿರಿ. ಫೆಬ್ರವರಿಗೆ ಮತ್ತೆ ಕುಂಡಕ್ಕೆ.

ಉತ್ತರ 2 (ಜಮಖಂಡಿ):
ಎರಿ ಮಣ್ಣು ಹಾಕಬ್ಯಾಡ್ರಿ, ಮಳಿಗಾಲಕ್ಕ ನೀರು ಹಿಡದು ಬುಡ ಕೊಳೀತೈತಿ. ಮಸಾರಿ ಮಣ್ಣು 2 ಪಾಲು, ಎರೆಹುಳು ಗೊಬ್ಬರ, ಕೊಕೊಪೀಟ್, ದಪ್ಪ ಉಸುಕು ಒಂದೊಂದು ಪಾಲು. ಮೊಗ್ಗು ಮಣ್ಣಿನ ಮಟ್ಟಕ್ಕ ಇರಲಿ, ಆಳಕ್ಕ ಹೂಳಬ್ಯಾಡ್ರಿ. ಬಿಳಿ ಅಂಚಿನ್ಯಾಗ ಹರಿತ್ತು ಇಲ್ಲ, ಅದಕ್ಕ ಬಿಸಿಲಿಗೆ ಮೊದಲ ಅದ ಸುಡತೈತಿ. ಮುಂಜಾನಿ 9ರ ತನಕದ ಬಿಸಿಲು ಸಾಕು.

ಪೂರ್ತಿ ಹಸರು ಎಲಿಯ ಮೊಳಕಿ ಬಂದ್ರ ಬುಡ ಸಮೇತ ಕೊಯ್ದು ತಗೀರಿ. ಬಿಟ್ರ ಜೋರ್ ಬೆಳದು ಅಂಚಿನ ಎಲಿಗಳನ್ನ ಮುಚ್ಚಿಬಿಡತೈತಿ. ಜೂನ್‌ದಿಂದ ರಾತ್ರಿ ಬ್ಯಾಟರಿ ಹಿಡದು ಬಸವನಹುಳ ಆರಸ್ರಿ. ಎಲಿ ನಡುವ ತೂತು ಬಿದ್ದಿದ್ರ ಅವುಗಳದ್ದ ಕೆಲಸ.

ಉತ್ತರ 3 (ವಿಜಯಪುರ):
ನಮ್ಮಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಇಲ್ಲಿ ಹೋಸ್ಟಾ ಬೇಡವೆಂದೇ ಹೇಳುತ್ತೇನೆ. ಅದೇ ನೋಟಕ್ಕೆ ಬಿಳಿ ಗೆರೆಯ ಸ್ಪೈಡರ್ ಪ್ಲಾಂಟ್ ಹಚ್ಚಿ, ಅದಕ್ಕೆ ಚಳಿಯ ಹಂಗಿಲ್ಲ.

ಪ್ರಶ್ನೆ ಕೇಳಿದವರು:
ಕುಂಡದ ಸಮೇತ ಫ್ರಿಜ್ಜಿನಾಗ ಇಟ್ರ ನಡೀತೈತೇನ್ರಿ?

ಉತ್ತರ 1:
ಜಾಗವಿದ್ದರೆ ನಡೆಯುತ್ತದೆ. ಆದರೆ ಒಂದು ವಾರ ಮೊದಲೇ ನೀರು ನಿಲ್ಲಿಸಿ, ಮಣ್ಣು ಕೈಗೆ ಅಂಟದಷ್ಟು ಆರಿರಲಿ. ಒದ್ದೆ ಮಣ್ಣಿನಲ್ಲಿ ತಣ್ಣಗೆ ಕೂತ ಗಡ್ಡೆ ಏಳುವ ಮುನ್ನವೇ ಕೊಳೆಯುತ್ತದೆ.