ಮೆಡಿಟರೇನಿಯನ್ ರೆಸ್ಟೋರೆಂಟಿನಲ್ಲಿ ಸಸ್ಯಾಹಾರಿಗಳು ಏನನ್ನು ತರಿಸಿಕೊಳ್ಳಬಹುದು?

ಪ್ರಶ್ನೆ: ನಾವು ಕೆಲವು ಗೆಳೆಯರು ಮೊದಲ ಬಾರಿಗೆ ಮೆಡಿಟರೇನಿಯನ್ ಊಟಕ್ಕೆ ಹೋಗುತ್ತಿದ್ದೇವೆ. ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ಮೆನುವಿನ ಹೆಸರುಗಳು ಅಪರಿಚಿತವಾಗಿರುವುದರಿಂದ, ಯಾವುದರಿಂದ ಆರಂಭಿಸಿದರೆ ಒಳಿತೆಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಮೆಜ್ಜೆಯಿಂದ ಆರಂಭಿಸಿ. ಸಣ್ಣ ತಟ್ಟೆಗಳಲ್ಲಿ ಬಂದು ಎಲ್ಲರೂ ಹಂಚಿಕೊಂಡು ತಿನ್ನುವ ಈ ತಿನಿಸುಗಳಲ್ಲಿ, ಬೇಯಿಸಿದ ಕಾಬೂಲಿ ಕಡಲೆಯನ್ನು ಎಳ್ಳಿನ ಪೇಸ್ಟ್, ಬೆಳ್ಳುಳ್ಳಿ, ನಿಂಬೆರಸಗಳೊಂದಿಗೆ ರುಬ್ಬಿದ ಹಮ್ಮಸ್ ಹಾಗೂ ಸಿಪ್ಪೆ ಕಪ್ಪಾಗುವವರೆಗೆ ಸುಟ್ಟ ಬದನೆಕಾಯಿಯ ತಿರುಳಿನಿಂದ ಮಾಡುವ ಬಾಬಾ ಗನೂಶ್ ಸಾಮಾನ್ಯವಾಗಿ ಸಸ್ಯಾಹಾರವೇ. ಪೀಟಾ ಬ್ರೆಡ್ಡನ್ನು ಬಿಸಿಯಿರುವಾಗಲೇ ಮುರಿದು ಅದ್ದಿಕೊಳ್ಳಿ; ಆರಿದರೆ ನಾರಿನಂತಾಗುತ್ತದೆ. ಮುಖ್ಯ ಖಾದ್ಯವನ್ನು ಆಮೇಲೆ ಹೇಳಿದರೂ ಸಾಕು, ಏಕೆಂದರೆ ಮೆಜ್ಜೆಯಲ್ಲೇ ಅರ್ಧ ಹೊಟ್ಟೆ ತುಂಬಿರುತ್ತದೆ.

ಉತ್ತರ 2: ಮೇಲಿನ ಮಾತು ಸರಿ. ಆದರೆ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಡೋಲ್ಮಾದೊಳಗೆ ಅನ್ನದ ಜೊತೆ ಕೊಚ್ಚಿದ ಮಾಂಸವೂ ಇರಬಹುದು. ಪಿಲಾಫ್ ಅನ್ನವನ್ನು ಮಾಂಸ ಬೇಯಿಸಿದ ನೀರಿನಲ್ಲಿ ಮಾಡುವುದೂ ಉಂಟು. ನೋಟದಿಂದ ಇದು ಗೊತ್ತಾಗದ ಕಾರಣ ಬಡಿಸುವವರನ್ನು ಸಂಕೋಚವಿಲ್ಲದೆ ಕೇಳಲೇಬೇಕು. ಎಳ್ಳಿನ ಅಲರ್ಜಿ ಇರುವವರು ಹಮ್ಮಸ್ ಮತ್ತು ಬಾಬಾ ಗನೂಶ್ ಎರಡನ್ನೂ ಬಿಡುವುದು ಕ್ಷೇಮ.

ಪ್ರಶ್ನಿಸಿದವರು: ಧನ್ಯವಾದಗಳು. ಸಿಹಿಗೆ ಬಕ್ಲಾವಾ ಆಗಬಹುದೇ?

ಉತ್ತರ 1: ಖಂಡಿತ. ಪದರ ಪದರವಾದ ತೆಳು ಹಿಟ್ಟಿನ ನಡುವೆ ಪಿಸ್ತಾ ಅಥವಾ ಅಕ್ರೋಟು ತುಂಬಿ ಪಾಕದಲ್ಲಿ ನೆನೆಸಿರುತ್ತಾರೆ. ಬಹಳ ಸಿಹಿಯಾದ್ದರಿಂದ ಒಬ್ಬರಿಗೆ ಒಂದು ತುಂಡು ಧಾರಾಳವಾಯಿತು.