ಮರು: ‘ಪರ್ಸನಲೈಸ್ಡ್ ಟ್ರೀಟ್‌ಮೆಂಟ್’ಗೆ ಕನ್ನಡದಲ್ಲಿ ಏನು? (ನಾಳೆಯೊಳಗೆ ಬೇಕು)

> ಹೆಂಗಸರ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುವ ವಿಶ್ವವಿದ್ಯಾಲಯದ ತಂಡವೊಂದಕ್ಕೆ, ರೋಗಿಗಳು ಓದಿ ಸಹಿ ಹಾಕುವ ಒಪ್ಪಿಗೆ ಪತ್ರ ಅನುವಾದ ಮಾಡ್ತಿದ್ದೇನೆ. ‘ವೈಯಕ್ತೀಕೃತ ಚಿಕಿತ್ಸೆ’ ಸರಿಯೇ? ನಾಳೆ ಸಂಜೆ ಅಚ್ಚಿಗೆ.

ಸರಿಯಲ್ಲ. ಅದನ್ನು ಸರಾಗವಾಗಿ ಓದಲೂ ಆಗುವುದಿಲ್ಲ. ‘ವೈಯಕ್ತಿಕ ಚಿಕಿತ್ಸೆ’ ಅಂತೂ ಬೇಡವೇ ಬೇಡ. ನಮ್ಮ ಚಿಕ್ಕಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಆದಾಗ ಇಂಥದ್ದೇ ಕಾಗದ ಕೊಟ್ಟಿದ್ದರು. ಆ ಪದದ ಮೇಲೆ ಬೆರಳಿಟ್ಟು, “ಇದು ಪ್ರೈವೇಟಾ? ದುಡ್ಡು ಜಾಸ್ತಿ ಆಗುತ್ತಾ?” ಅಂದರು. ಪೆನ್ನು ಕೆಳಗಿಟ್ಟುಬಿಟ್ಟರು. ಇನ್ನು, ಈ ಎಳೆಯಲ್ಲೇ ಒಬ್ಬರು ಸೂಚಿಸಿದ ‘ವ್ಯಕ್ತಿನಿಷ್ಠ’: ಅದು ಸಬ್ಜೆಕ್ಟಿವ್ ಅನ್ನುವ ಅರ್ಥಕ್ಕೆ ಎಂದೋ ನೆಲೆನಿಂತ ಪದ. ಇಲ್ಲಿಗೆ ತರಬೇಡಿ.

ಈ ಚಿಕಿತ್ಸೆಯಲ್ಲಿ ನಡೆಯುವುದೇನು ನೋಡಿ. ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಅನ್ನುವ ಸಂಶೋಧನಾ ಯೋಜನೆಯವರು 2013ರಲ್ಲಿ ಜೀನುಗಳ ಆಧಾರದ ಮೇಲೆ ನಾಲ್ಕು ಗುಂಪು ಮಾಡಿದರು. ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುವ ಎರಡು ಗಡ್ಡೆ ಬೇರೆ ಬೇರೆ ಗುಂಪಿನವು ಆಗಿರಬಹುದು. ಒಂದು ಗುಂಪಿನಲ್ಲಿ ಪೋಲ್ (POLE) ಅನ್ನುವ ಜೀನ್ ಕೆಟ್ಟಿರುತ್ತದೆ; ಅಂಥ ಗಡ್ಡೆ ಆಪರೇಷನ್ ಆದ ಮೇಲೆ ಮರಳಿ ಬರುವುದು ಅಪರೂಪ. ಶುರುವಿನ ಹಂತದಲ್ಲಿದ್ದರೆ ರೇಡಿಯೇಷನ್ನೇ ಬೇಡ ಅನ್ನಬಹುದು. ಅಂಡಾಶಯದ್ದಾದರೆ ಬಿಆರ್‌ಸಿಎ (BRCA) ಅನ್ನುವ ಜೀನ್ ನೋಡುತ್ತಾರೆ. ಅದು ಕೆಟ್ಟಿದ್ದವರಿಗೆ ಓಲಾಪರಿಬ್ ಅನ್ನುವ ಮದ್ದು ಕೊಡುವುದು 2014ರಿಂದ ಇದೆ.

ಅಂದರೆ ಒಬ್ಬರಿಗೆ ಜಾಸ್ತಿ ಮದ್ದು, ಇನ್ನೊಬ್ಬರಿಗೆ ಕಮ್ಮಿ, ಮತ್ತೊಬ್ಬರಿಗೆ ಬೇರೆಯದೇ. ಇದನ್ನೆಲ್ಲ ಹಿಡಿಯುವ ಪದ ನಮ್ಮಲ್ಲೇ ಇದೆ: ‘ತಕ್ಕ’. ಒಬ್ಬೊಬ್ಬರಿಗೂ ಬೇರೆ ಅನ್ನುವುದನ್ನು ಕನ್ನಡ ದ್ವಿರುಕ್ತಿಯಲ್ಲೇ ಹೇಳುತ್ತದೆ. ‘ವೈಯಕ್ತೀಕೃತ’ದಲ್ಲಿರುವ ‘ಈಕೃತ’ ಅಂಟಿಸಬೇಕಾಗಿಲ್ಲ. ಶೀರ್ಷಿಕೆಗೆ ‘ಅವರವರಿಗೆ ತಕ್ಕ ಚಿಕಿತ್ಸೆ’ ಹಾಕಿ. ಒಳಗೆ ನೇರವಾಗಿ ಅವರೊಡನೆ ಮಾತಾಡುವ ಕಡೆ ‘ನಿಮ್ಮ ಗಡ್ಡೆಯ ಗುಣಕ್ಕೆ ತಕ್ಕ ಚಿಕಿತ್ಸೆ’ ಅನ್ನಿ.

ಕ್ಯಾನ್ಸರ್ ತೆಗೆದು ‘ಏಡಿಗಂತಿ’ ಬರೆಯಿರಿ ಅಂದವರ ಮಾತು ಒಪ್ಪಲಾರೆ. ಲ್ಯಾಟಿನ್ನಿನ ಕ್ಯಾನ್ಸರ್ ಅಂದರೂ ಏಡಿಯೇ. ಸುಮ್ನೆ ಅದನ್ನೇ ಮತ್ತೆ ಕನ್ನಡಿಸಿ ಯಾರಿಗೆ ಉಪಕಾರ? ಕ್ಯಾನ್ಸರಿಗೆ ಕೆಲವರು ಬರೆಯುವ ‘ಅರ್ಬುದ’ವೂ ಎರವಲೇ, ಸಂಸ್ಕೃತದ್ದು. ಹಳ್ಳಿಯ ಅಜ್ಜಿಗೂ ಕ್ಯಾನ್ಸರ್ ಅಂದರೆ ತಿಳಿಯುತ್ತದೆ. ತಿಳಿದ ಪದವನ್ನು ಕಾಯಿಲೆಯವರ ಕೈಯಿಂದ ಕಿತ್ತುಕೊಳ್ಳುವುದು ತಪ್ಪು. ನುಡಿಶುದ್ಧಿಯ ಜಗಳ ಒಪ್ಪಿಗೆ ಪತ್ರದ ಮೇಲೆ ಬೇಡ, ಬೇರೆ ಎಳೆಯಲ್ಲಿ ಆಡೋಣ.

ಹಾಗಂತ ‘ಸರ್ವಿಕ್ಸ್’ ಎಂದು ಬಿಡಬೇಡಿ. ‘ಗರ್ಭಕಂಠ’ ಪುಸ್ತಕದಲ್ಲಿದೆ, ಸರಿ. ಆದರೆ ಹೆರಿಗೆ ವಾರ್ಡಿನಲ್ಲಿ ನರ್ಸ್ ಹೇಳುವುದು “ಗರ್ಭಕೋಶದ ಬಾಯಿ ಇನ್ನೂ ತೆರೆದಿಲ್ಲ” ಅಂತ ಅಲ್ವಾ? ಮೊದಲ ಸಲ ಬಂದ ಕಡೆ ಎರಡನ್ನೂ ಬರೆಯಿರಿ, ಆಮೇಲೆ ‘ಗರ್ಭಕೋಶದ ಬಾಯಿ’ ಒಂದೇ ಸಾಕು.